ಲಂಡನ್ನಿನ ಆ ಮನೆಗೆ ಯಜಮಾನ ಯಾರು?

ಹೀಥ್ರೋ

ವಿಲಾಯಿತಿಗೆ ಹೊರಟವರು ಹೊಸ ಬಟ್ಟೆ ಹೊಲಿಸುತ್ತಾರಂತೆ. ನಾನು ಕೂತು ಖಡಕ್ ರೊಟ್ಟಿ ಬಡಿದೆ. ಹುಬ್ಬಳ್ಳಿಯಲ್ಲಿ ನಮ್ಮದೊಂದು ಖಾನಾವಳಿ ಇದೆ. ಅಜ್ಜ ಶುರು ಮಾಡಿದ್ದು, ಅವ್ವ ಬೆಳೆಸಿದ್ದು, ಈಗ ಗಲ್ಲಾದ ಮೇಲೆ ನಾನು ಕೂಡುತ್ತೇನೆ. ಖಾನಾವಳಿಯವಳು ಖಾಲಿ ಕೈಯಲ್ಲಿ ತಂಗಿಯ ಮನೆಗೆ ಹೋದರೆ ನಮ್ಮ ಓಣಿಯ ಜನ ಸುಮ್ಮನಿರುತ್ತಾರೆಯೇ? ಹೀಗಾಗಿ ಒಂದು ಚೀಲದಲ್ಲಿ ನನ್ನ ಸೀರೆಗಳು, ಅದಕ್ಕಿಂತ ದೊಡ್ಡ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪ್ರಯಾಣ ಹೊರಟವು.

ಹೀಥ್ರೋದಲ್ಲಿ ಕಸ್ಟಮ್ಸಿನ ಅಧಿಕಾರಿಯೊಬ್ಬ ಚೀಲ ಬಿಚ್ಚಿಸಿದ. ಇದೇನು ಎಂದು ಕೇಳಿದ್ದಕ್ಕೆ "ಬ್ರೆಡ್" ಎಂದೆ. ಅವನು ಬೆರಳಿನಿಂದ ರೊಟ್ಟಿಯನ್ನು ತಟ್ಟಿದ. ಟಣ್ ಟಣ್ ಎಂದಿತು. ಬ್ರೆಡ್ಡು ಹೀಗೆ ಉತ್ತರ ಕೊಡುವುದನ್ನು ಅವನು ಹಿಂದೆ ಕೇಳಿರಲಿಕ್ಕಿಲ್ಲ. ಬಗ್ಗುತ್ತದೆಯೋ ನೋಡಲು ಹೋದ, ಲಟಕ್ಕನೆ ಮುರಿಯಿತು. ಆಮೇಲೆ ಅವನು ಸಾರಿ ಕೇಳಿದ ಪರಿಯನ್ನು ನೋಡಬೇಕಿತ್ತು. ನನ್ನ ಕೈ ಮುರಿದಿದ್ದರೂ ಅದಕ್ಕಿಂತ ಹೆಚ್ಚು ಕೇಳಲು ಸಾಧ್ಯವಿರಲಿಲ್ಲ. ನಮ್ಮಲ್ಲಿ ಕಾಲಿನ ಮೇಲೆ ಸೈಕಲ್ಲು ಹಾಯಿಸಿದವನು 'ಕಾಲು ಒಳಗ ಇಟ್ಟಗೊಂಡು ನಿಂದ್ರಬಾರದೇನು' ಎಂದು ನಮ್ಮನ್ನೇ ಬೈದು ಹೋಗುತ್ತಾನೆ. ಈ ದೇಶದಲ್ಲಿ ನಾನು ಬಾಳಿಕೆ ಬರುತ್ತೇನೆ ಎನ್ನಿಸಿತು.

ಸ್ಟ್ಯಾನ್ಮೋರ್

ತಂಗಿ ಶಾಂತಾಳ ಮನೆ ಇರುವುದು ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ. ಗಂಡ ಶಿವಾನಂದ ಇಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು. ಶಾಂತಾ ಅದೇ ಆಸ್ಪತ್ರೆಯಲ್ಲಿ ರೋಗಿಗಳ ಪಥ್ಯದ ಊಟ ನೋಡಿಕೊಳ್ಳುತ್ತಾಳೆ. ಆ ಬೀದಿಯಲ್ಲಿ ಮನೆಗಳೆಲ್ಲ ಬಿಡಿಬಿಡಿ, ಪ್ರತಿ ಮನೆಯ ಮುಂದೆ ಕಾರುಗಳು, ಮನುಷ್ಯರು ಮಾತ್ರ ಕಾಣಿಸುವುದಿಲ್ಲ. ಮಾತಿಗೆ ಯಾರಾದರೂ ಸಿಕ್ಕಾರೆಂದು ಮೊದಲ ದಿನ ಗೇಟಿನಲ್ಲಿ ನಿಂತೆ. ಬಹಳ ಹೊತ್ತಿಗೆ ಒಬ್ಬ ಮುದುಕ ನಾಯಿಯ ಜೊತೆ ಬಂದ. ನಾನು ನಕ್ಕೆ, ಅವನೂ ನಕ್ಕು "ಲವ್ಲಿ ಡೇ" ಎಂದು ಮುಂದೆ ಹೋದ. ಜಿಟಿಜಿಟಿ ಹನಿಯುತ್ತಿತ್ತು. ಈ ಜನ ಹವಾಮಾನದ ವಿಷಯದಲ್ಲಿ ನಮ್ಮ ಬೀಗರಿದ್ದ ಹಾಗೆ, ಏನು ಬಡಿಸಿದರೂ ಹೊಗಳುತ್ತಾರೆ.

ನಾನು ಬಂದದ್ದು ಡಾಕ್ಟರ ಅರವತ್ತನೆಯ ಹುಟ್ಟುಹಬ್ಬಕ್ಕೆ. ಭಾನುವಾರ ದೊಡ್ಡ ಹಾಲ್‌ನಲ್ಲಿ ಕಾರ್ಯಕ್ರಮ, ಊರತುಂಬ ಹರಡಿರುವ ಕನ್ನಡದವರೆಲ್ಲ ಸೇರುವವರಿದ್ದರು. ಆದರೆ ಅಡಿಗೆಮನೆಯಲ್ಲಿ ಒಬ್ಬಳೇ ಸಿಕ್ಕಾಗ ಶಾಂತಾ ಹೇಳಿದ ಕಾರಣವೇ ಬೇರೆ.

"ಅಕ್ಕಾ, ಒಂದು ಕೆಲಸಕ್ಕ ನಿನ್ನ ಕರಿಸೀನಿ. ಈ ಮನಶ್ಯಾನ ಬಾಯಿ ಒಮ್ಮೆ ಮುಚ್ಚಸಬೇಕು."

ಮುಚ್ಚಿಸಬೇಕಾದ ಬಾಯಿಯ ಕಥೆಯನ್ನು ಹೇಳುತ್ತೇನೆ. ಡಾಕ್ಟರ ಅಜ್ಜ ಚನ್ನನಗೌಡರು ಧಾರವಾಡದ ಕಡೆಯ ಗೌಡಕಿ ಮನೆತನದವರು. ಬ್ಯಾರಿಸ್ಟರಿಕೆ ಓದಲು ಹಡಗು ಹತ್ತಿ ಲಂಡನ್ನಿಗೆ ಬಂದರು. ಮಗ ಅಲ್ಲಿ ಮಾಂಸಗೀಂಸ ತಿಂದಾನೆಂದು ಅವರಪ್ಪ ಜೊತೆಗೆ ಒಬ್ಬ ಅಡಿಗೆಯವರನ್ನು ಕಳಿಸಿದರು. ಆ ಅಡಿಗೆಯವರೇ ನಮ್ಮಜ್ಜ ಬಸಲಿಂಗಪ್ಪ. ಗೌಡರು ಬ್ಯಾರಿಸ್ಟರಾಗಿ ಮರಳಿದರು, ನಮ್ಮಜ್ಜ ಮರಳಿ ಬಂದು ಹುಬ್ಬಳ್ಳಿಯಲ್ಲಿ ಖಾನಾವಳಿ ತೆಗೆದ. ಎಷ್ಟೋ ವರ್ಷಗಳ ಮೇಲೆ ಗೌಡರ ಮೊಮ್ಮಗ ಶಿವಾನಂದ ಹುಬ್ಬಳ್ಳಿಗೆ ಡಾಕ್ಟರಿಕೆ ಓದಲು ಬಂದ, ತಿಂಗಳ ದುಡ್ಡು ಕಟ್ಟಿ ನಮ್ಮಲ್ಲೇ ಊಟದ ಮೆಂಬರ್ ಆದ. ರೊಟ್ಟಿಗೆಂದು ಬಂದವನು ರೊಟ್ಟಿ ನೀಡುವ ಶಾಂತಾಳನ್ನೇ ಮೆಚ್ಚಿದ. ಅಡಿಗೆಯವನ ಮೊಮ್ಮಗಳೇ ಎಂದು ಗೌಡರ ಮನೆಯಲ್ಲಿ ಗದ್ದಲವಾಯಿತು. ಇವನು ಹಟ ಹಿಡಿದು ಮದುವೆಯಾದ.

ಇಷ್ಟಾದರೆ ಚೆಂದದ ಕಥೆ. ಆದರೆ ಡಾಕ್ಟರಿಗೆ ಒಂದು ಚಾಳಿ. ನಾಲ್ಕು ಜನ ಸೇರಿದರೆ ಸಾಕು, "ಶಾಂತಾ, ಚಹಾ ತೊಗೊಂಡು ಬಾ. ಆಕಿ ಅಜ್ಜ ನಮ್ಮಜ್ಜಗ ಕುಕ್ ಇದ್ರು, ರಕ್ತದಾಗೇ ಬಂದದ" ಎನ್ನುತ್ತಾರೆ. ಜನ ನಗುತ್ತಾರೆ. ಮದುವೆಯಾದ ಹೊಸದರಲ್ಲಿ ಶಾಂತಾಳೂ ನಗುತ್ತಿದ್ದಳು. ಒಂದೇ ಚೇಷ್ಟೆಯನ್ನು ಎಷ್ಟು ವರ್ಷ ನಗುವುದು? ಹಳಸಿದ ಅನ್ನಕ್ಕೆ ಎಷ್ಟು ಒಗ್ಗರಣೆ ಹಾಕಿದರೂ ಅದು ಹಳಸಿದ್ದೇ. ಈಗ ಹುಟ್ಟುಹಬ್ಬಕ್ಕೆ ಅವರು ಮನೆತನದ ಫೋಟೋಗಳ ಸ್ಲೈಡ್ ಶೋ ಮಾಡಿದ್ದರು. ಅದರಲ್ಲಿ ಲಂಡನ್ನಿನಲ್ಲಿ ತೆಗೆದ ಒಂದು ಫೋಟೋ. ಗೌಡರು ಕುರ್ಚಿಯ ಮೇಲೆ, ನಮ್ಮಜ್ಜ ಹಿಂದೆ ನಿಂತಿದ್ದಾನೆ. ಕೆಳಗೆ 'ಬ್ಯಾರಿಸ್ಟರ್ ಚನ್ನನಗೌಡರು ಮತ್ತು ಅವರ ಕುಕ್' ಎಂದು ಬರೆದಿತ್ತು. ಅಜ್ಜನಿಗೆ ಹೆಸರು ಕೂಡ ಇರಲಿಲ್ಲ. ತೆಗೆಯಿರಿ ಎಂದು ಶಾಂತಾ ಕೇಳಿಕೊಂಡಿದ್ದಕ್ಕೆ ಡಾಕ್ಟರು, "ಇತಿಹಾಸ ಅಂದ್ರ ಇತಿಹಾಸ, ಬದಲಿ ಮಾಡಾಕ ಬರೂದಿಲ್ಲ" ಎಂದಿದ್ದರು.

"ಇತಿಹಾಸ ಅಂತಾರಲ್ಲ, ಇತಿಹಾಸಾನ ತರೂಣು ನಡಿ" ಎಂದಳು ಶಾಂತಾ. ನೂರು ವರ್ಷದ ಹಿಂದಿನ ಜನಗಣತಿಯ ಹಾಳೆಗಳನ್ನು ಕ್ಯೂ ಎಂಬಲ್ಲಿಯ ಸರಕಾರಿ ದಾಖಲೆಗಳ ಕಟ್ಟಡದಲ್ಲಿ ಯಾರು ಬೇಕಾದರೂ ನೋಡಬಹುದಂತೆ. ಕ್ಯೂನಲ್ಲಿ ಒಂದು ಹೆಸರಾಂತ ಗಿಡಗಳ ತೋಟವೂ ಇದೆ. ಡಾಕ್ಟರಿಗೆ ಗಿಡ ನೋಡಲು ಹೋಗುತ್ತೇವೆಂದು ಹೇಳಿದೆವು. ಕ್ಯೂನಲ್ಲಿ ಇಳಿಯುವುದಂತೂ ಖರೆ ಇತ್ತಲ್ಲ.

ಕ್ಯೂ

"ಟ್ಯೂಬ್ ರೈಲಿನ್ಯಾಗ ಯಾರನ್ನೂ ಮಾತಾಡಸಬ್ಯಾಡವಾ, ಇಲ್ಲೆ ಹಂಗ ನಡಿಯೂದಿಲ್ಲ" ಎಂದು ಶಾಂತಾ ಹೊರಡುವ ಮುಂಚೆಯೇ ಕರಾರು ಹಾಕಿದ್ದಳು. ನನ್ನೆದುರು ಕೂತ ಬಿಳಿಯ ಹೆಂಗಸು ಏಳಲು ಹೋಗಿ ಮೊಣಕಾಲು ಹಿಡಿದುಕೊಂಡಳು. ನೋಡಿಯೂ ಸುಮ್ಮನಿರುವುದು ಹೇಗೆ? ನನ್ನ ಮೊಣಕಾಲು ತೋರಿಸಿ "ಮೀ ಆಲ್ಸೋ" ಎಂದೆ. ನಾವು ಇಳಿಯುವಷ್ಟರಲ್ಲಿ ಅವಳ ಮಂಡಿನೋವು, ಆಪರೇಷನ್ನಿಗೆ ಕಾಯುತ್ತಿರುವ ಸಂಕಟ, ತಿರುಗಿ ನೋಡದ ಮಗ ಎಲ್ಲ ನನಗೆ ಗೊತ್ತಾಗಿತ್ತು. ಮಾತಾಡುವುದಿಲ್ಲ ಎಂಬುದು ಸುಳ್ಳು. ಯಾರಾದರೂ ಮೊದಲು ಕೇಳಲಿ ಎಂದು ಎಲ್ಲರೂ ಕಾದು ಕೂತಿರುತ್ತಾರೆ ಅಷ್ಟೆ.

ದಾಖಲೆಗಳ ಕಟ್ಟಡದ ಮುಂದೆ ಕೊಳ, ಕೊಳದಲ್ಲಿ ಹಂಸ. ಒಳಗೆ ಹೋದರೆ ಕೈಚೀಲವನ್ನು ಕಪಾಟಿನಲ್ಲಿಟ್ಟು ಬೇಕಾದ ಸಾಮಾನಷ್ಟನ್ನು ಪಾರದರ್ಶಕ ಚೀಲದಲ್ಲಿ ಹಾಕಿಕೊಳ್ಳಬೇಕು. ಹೆಂಗಸಿನ ಚೀಲದೊಳಗಿನ ಗುಟ್ಟನ್ನು ಊರಿಗೆಲ್ಲ ತೋರಿಸುವ ಇಂಥ ಪದ್ಧತಿಯನ್ನು ನಾನು ಎಲ್ಲೂ ಕಂಡಿಲ್ಲ. ನನ್ನದರಲ್ಲಿ ಕನ್ನಡಕ, ಬಿ.ಪಿ. ಗುಳಿಗೆ ಮತ್ತು ಶೇಂಗಾ ಚಟ್ನಿಯ ಪೊಟ್ಟಣ. ತಿನ್ನುವ ಸಾಮಾನು ಒಳಗೆ ಬರಕೂಡದೆಂದು ಬಾಗಿಲಲ್ಲಿದ್ದವನು ನಯವಾಗಿ ಹೇಳಿದ. ಇದು ತಿಂಡಿಯಲ್ಲ, ಬರೀ ಚಟ್ನಿ ಎಂದು ಶಾಂತಾಳ ಬಾಯಿಂದ ಹೇಳಿಸಿದೆ. ಪ್ರಯೋಜನವಾಗಲಿಲ್ಲ. ಚಟ್ನಿ ಕಪಾಟಿನಲ್ಲಿ ಬಂದಿಯಾಯಿತು.

ನಮ್ಮ ಕಡೆ ವಂಶದ ಕಥೆ ಬೇಕಾದರೆ ಎಲ್ಲಿಗೂ ಹೋಗಬೇಕಾಗಿಲ್ಲ. ಹೆಳವರೇ ಮನೆ ಬಾಗಿಲಿಗೆ ಬಂದು ತಲೆತಲಾಂತರದ ಹೆಸರುಗಳನ್ನು ರಾಗವಾಗಿ ಹೇಳುತ್ತಾರೆ. ಅವರ ಬಾಯಲ್ಲಿ ನಮ್ಮ ಹಿರಿಯರೆಲ್ಲ ಶೂರರು, ಧರ್ಮವಂತರು. ಕಾಳು ಎಷ್ಟು ಹಾಕುತ್ತೀರೋ ಅಷ್ಟು ಶೂರರು. ಇಂಗ್ಲಿಷರ ಜನಗಣತಿ ಯಾರನ್ನೂ ಹೊಗಳುವುದಿಲ್ಲ. ಗೊತ್ತು ಮಾಡಿದ ಒಂದು ರಾತ್ರಿ ಮನೆಯಲ್ಲಿ ಯಾರ್‍ಯಾರು ಇದ್ದರು, ವಯಸ್ಸೆಷ್ಟು, ಕಸುಬೇನು, ಮನೆಯ ಯಜಮಾನನಿಗೆ ಏನಾಗಬೇಕು, ಇಷ್ಟೇ ಅದರ ಪ್ರಶ್ನೆ. ನಾವು ಹುಡುಕಬೇಕಾಗಿದ್ದು ಸಾವಿರದ ಒಂಬೈನೂರ ಇಪ್ಪತ್ತೊಂದರ ಗಣತಿಯನ್ನು. ಅದಕ್ಕಿಂತ ಈಚಿನದನ್ನು ಇನ್ನೂ ಬಿಚ್ಚಿಲ್ಲ. ಅದೃಷ್ಟಕ್ಕೆ ನಮ್ಮ ಅಜ್ಜಂದಿರು ಆ ವರ್ಷ ಇಲ್ಲಿಯೇ ಇದ್ದರು.

ಪಕ್ಕದ ಕಂಪ್ಯೂಟರಿನ ಮುಂದೆ ಕೆಂಪು ಮೂಗಿನ ಒಬ್ಬ ಇಂಗ್ಲಿಷ್ ಮುದುಕ. ಇದ್ದಕ್ಕಿದ್ದಂತೆ ಕೈ ತಟ್ಟಿ ಹಿಗ್ಗಿದ. ಏನು ಸಿಕ್ಕಿತೆಂದು ಕೇಳಿದರೆ, ತನ್ನ ಮುತ್ತಜ್ಜ ಕುರಿ ಕದ್ದು ಜೈಲಿನಲ್ಲಿದ್ದನಂತೆ! ಅದನ್ನು ನಮಗೆ ತೋರಿಸಿ, ಹಿಂದಿನ ಮೇಜಿನವರಿಗೂ ತೋರಿಸಿದ. ಅವರು ಅಭಿನಂದಿಸಿದರು. ನಾನು ಬೆರಗಾದೆ. ನಮ್ಮಲ್ಲಿ ಯಾರ ಅಜ್ಜನೂ ಕುರಿ ಕದ್ದಿಲ್ಲ, ಎಲ್ಲರ ಅಜ್ಜಂದಿರಿಗೂ ಜಹಗೀರು ಇತ್ತು. ಹಾಗಾದರೆ ಕದ್ದ ಕುರಿಗಳೆಲ್ಲ ತಾವೇ ನಡೆದು ಹೋದವೇನೋ.

ಶಾಂತಾ ಮೊದಲು ಗೌಡರ ಹೆಸರು ಹಾಕಿದಳು. ಸಿಗಲಿಲ್ಲ. ನಮ್ಮಜ್ಜನ ಹೆಸರು ಹಾಕಿದಳು. ಅದೂ ಸಿಗಲಿಲ್ಲ. ಹೊತ್ತು ಹೋಗುತ್ತಿದ್ದ ಹಾಗೆ ಅವಳ ಮುಖ ಸಣ್ಣದಾಯಿತು. ಕುರಿಕಳ್ಳನ ಮರಿಮಗನೇ ಕುರ್ಚಿ ಸರಿಸಿಕೊಂಡು ಬಂದ. ಕಂಪ್ಯೂಟರಿಗೆ ಏರಿಸಿದವರು ಹೆಸರನ್ನು ತಪ್ಪು ಓದಿರುತ್ತಾರೆ, ಹೆಸರು ಬಿಡಿ, ಹುಟ್ಟಿದ ಊರಿನಿಂದ ಹುಡುಕಿ ಎಂದು ತೋರಿಸಿಕೊಟ್ಟ. ಧಾರವಾಡ ಎಂದು ಒತ್ತಿದ್ದೇ ತಡ, ಹ್ಯಾಮರ್‌ಸ್ಮಿತ್‌ನ ಒಂದು ವಿಳಾಸ ಬಂತು. ಎರಡೇ ಕೋಣೆಯ ಬಿಡಾರ, ಇಬ್ಬರೇ ಜನ.

ಹಾಳೆಯ ಚಿತ್ರ ಪರದೆಯ ಮೇಲೆ ತೆರೆಯಿತು. ಸಾಲಂಕಾರವಾದ ಇಂಗ್ಲಿಷ್ ಕೈಬರಹ, ಓದಿದವರದ್ದು. ಗೌಡರದ್ದೇ. ಮೊದಲನೆಯ ಸಾಲಿನಲ್ಲಿ ಬಸಲಿಂಗಪ್ಪ, ಮನೆಯ ಯಜಮಾನ. ಕಸುಬು, ಅಡಿಗೆಯವ. ಎರಡನೆಯ ಸಾಲಿನಲ್ಲಿ ಚನ್ನನಗೌಡ, ಕಾನೂನು ವಿದ್ಯಾರ್ಥಿ. ಯಜಮಾನನಿಗೆ ಏನಾಗಬೇಕು ಎಂಬಲ್ಲಿ ಬೋರ್ಡರ್, ಅಂದರೆ ಊಟಕ್ಕೂ ವಸತಿಗೂ ಇರುವವನು ಎಂದು ತಮ್ಮ ಕೈಯಾರೆ ಬರೆದುಕೊಂಡಿದ್ದರು.

"ಅಕ್ಕಾ!" ಎಂದು ಶಾಂತಾ ನನ್ನ ರಟ್ಟೆ ಹಿಡಿದಳು. "ಮೆಂಬರ್! ಅವರಜ್ಜ ನಮ್ಮಜ್ಜನ ಹತ್ರ ಮೆಂಬರ್!"

ನಾನು ಜೋರಾಗಿ ನಕ್ಕೆ, ಸುತ್ತಲಿನವರು ತಿರುಗಿ ನೋಡುವಷ್ಟು. ಆಮೇಲೆ ಹಾಳೆಯ ಕೆಳಗೆ ಕಣ್ಣು ಹೋಯಿತು. ಯಜಮಾನ ಸಹಿ ಮಾಡಬೇಕಾದ ಜಾಗದಲ್ಲಿ ಕನ್ನಡದಲ್ಲಿ, ತಡೆತಡೆದು ಬರೆದ ದಪ್ಪ ಅಕ್ಷರಗಳಲ್ಲಿ 'ಬಸಲಿಂಗಪ್ಪ' ಎಂದಿತ್ತು. ನಾನು ಅಜ್ಜನನ್ನು ಕಂಡವಳಲ್ಲ. ಅವನ ಕೈ ಹಿಡಿದಷ್ಟು ಸಂತೋಷವಾಯಿತು, ಅಳುವೂ ಬಂತು. ಮುದುಕ ನಮಗಿಬ್ಬರಿಗೂ ಟಿಶ್ಯೂ ಕೊಟ್ಟು, ನಿಮ್ಮವರೇನು ಕದ್ದಿದ್ದರು ಎಂದು ಪಿಸುಮಾತಿನಲ್ಲಿ ಕೇಳಿದ.

ಪ್ರತಿ ತೆಗೆಸಿಕೊಂಡೆವು. ಕಪಾಟಿನಿಂದ ಬಿಡಿಸಿಕೊಂಡ ಚಟ್ನಿ ಪೊಟ್ಟಣವನ್ನು ಅವನಿಗೇ ಕೊಟ್ಟುಬಂದೆ. ಅನ್ನಕ್ಕೋ ಬ್ರೆಡ್ಡಿಗೋ ಯಾವುದಕ್ಕೆ ಹಚ್ಚಿಕೊಂಡನೋ ಗೊತ್ತಿಲ್ಲ.

ಸಂಜೆ ಡಾಕ್ಟರು ಕೇಳಿದರು, "ಅಕ್ಕಾರ, ಗಾರ್ಡನ್ ಹೆಂಗಿತ್ರಿ?"

"ಭಾಳ ಹಳೇ ಗಿಡ ಅದಾವ್ರಿ ಡಾಕ್ಟರ್ರ. ಬೇರಿನ ತನಕ ನೋಡಿ ಬಂದ್ವಿ" ಎಂದೆ. ಶಾಂತಾ ಕೆಮ್ಮುತ್ತ ಒಳಗೆ ಹೋದಳು.

ಹ್ಯಾಮರ್‌ಸ್ಮಿತ್

ಮರುದಿನ ಆ ವಿಳಾಸ ಹುಡುಕಿಕೊಂಡು ಹ್ಯಾಮರ್‌ಸ್ಮಿತ್‌ಗೆ ಹೋದೆವು. ಸೀರೆ ಉಟ್ಟ ಇಬ್ಬರು, ಕೈಯಲ್ಲೊಂದು ಕಾಗದ. ಮನೆ ಇನ್ನೂ ಇತ್ತು. ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತ ಇಟ್ಟಿಗೆಯ ಮನೆಗಳು, ಮುಂದೆ ಬಣ್ಣಬಣ್ಣದ ಕಸದ ಡಬ್ಬಿಗಳು. ಕರೆಗಂಟೆ ಒತ್ತಿದೆವು. ಬಾಗಿಲು ಗೇಣುದ್ದ ತೆರೆಯಿತು. ವಯಸ್ಸಾದ ಹೆಂಗಸೊಬ್ಬಳು ನಮ್ಮ ಹಣೆಯ ವಿಭೂತಿ ನೋಡಿದಳು, ಕಾಗದ ನೋಡಿದಳು. ನಾವು ಬಾಯಿ ತೆರೆಯುವ ಮುಂಚೆ, ತನಗೆ ಈಗಾಗಲೇ ಒಬ್ಬ ದೇವರಿದ್ದಾನೆ, ಸಾಕು ಎಂದು ಬಾಗಿಲು ಹಾಕಿದಳು.

ಶಾಂತಾ ಬಾಗಿಲಿನಲ್ಲಿ ಅಂಚೆ ಹಾಕಲು ಬಿಟ್ಟ ಸೀಳಿಗೆ ಬಾಯಿಟ್ಟು ನಮ್ಮಜ್ಜನ ಕಥೆಯನ್ನೆಲ್ಲ ಹೇಳಿದಳು. ಬಾಗಿಲು ಮತ್ತೆ ತೆರೆಯಿತು. ಮಾಳಿಗೆಯ ಹಿಂದಿನ ಕೋಣೆಯೇ ಹಿಂದೆ ಅಡಿಗೆಮನೆ ಇದ್ದಿರಬೇಕು ಎಂದು ಅವಳು ತೋರಿಸಿದಳು. ಈಗ ಅಲ್ಲಿ ಬಟ್ಟೆ ಒಣಹಾಕುತ್ತಾಳೆ. ಕಿಟಕಿ ಎಷ್ಟು ಚಿಕ್ಕದೆಂದರೆ ಹೊಗೆಯೂ ಅಡ್ಡ ತಿರುಗಿಯೇ ಹೋಗಬೇಕು. ಇಲ್ಲಿ ಕೂತು ಪರದೇಶದ ಹಿಟ್ಟಿನಲ್ಲಿ ಅಜ್ಜ ಏನು ಬಡಿದನೋ, ಚಳಿಗೆ ಕೈ ಹೇಗೆ ಮಾತು ಕೇಳಿತೋ ಎಂದು ನನಗೆ ಕಸಿವಿಸಿಯಾಯಿತು. ಶಾಂತಾ ಗೋಡೆಗೆ ಕೈ ಹಚ್ಚಿ ನಿಂತಳು. ನಿನ್ನೆಯ ನಗು ಅವಳಲ್ಲಿ ಉಳಿದಿರಲಿಲ್ಲ.

"ಅಕ್ಕಾ, ಕುಕ್ ಅಂದದ್ದಕ್ಕ ನನಗ ಸಿಟ್ಟಿಲ್ಲ. ಅಡಗೀ ಮಾಡೇ ನಮ್ಮನ್ನೆಲ್ಲಾ ಬೆಳಿಸ್ಯಾರ. ಆದ್ರ ಅವರು ಅನ್ನೂ ಮುಂದ ನಮ್ಮಜ್ಜ ಮನಶ್ಯಾನ ಅಲ್ಲ, ಸಾಮಾನು ಅನ್ನೂಹಂಗ ಅಂತಾರ. ಅವ್ವನ್ನೂ ಮನಸ್ಸಿನ್ಯಾಗ ಹಂಗ ನೋಡಿದ್ರೇನೋ ಅನ್ನಸ್ತದ."

ಕೊರೊನಾ ಕಾಲದಲ್ಲಿ ನಮ್ಮವ್ವ ಶಾಂತಾಳನ್ನು ನೋಡಲು ಹೋಗಿ, ವಿಮಾನ ನಿಂತು ತಿಂಗಳುಗಟ್ಟಲೆ ಸ್ಟ್ಯಾನ್ಮೋರಿನಲ್ಲೇ ಉಳಿದಿದ್ದಳು. ಊರಿಗೆ ಮರಳಿದ ಮೇಲೆ ಬಹಳ ದಿನ ಬದುಕಲಿಲ್ಲ. ಅಳಿಯನ ಬಗ್ಗೆ ಒಂದು ದಿನವೂ ಕೆಟ್ಟ ಮಾತು ಆಡಿರಲಿಲ್ಲ. ಆದರೆ ಅವ್ವ ಯಾರ ಬಗ್ಗೆಯೂ ಆಡುತ್ತಿರಲಿಲ್ಲ.

ಮತ್ತೆ ಸ್ಟ್ಯಾನ್ಮೋರ್

ಶನಿವಾರ ರಾತ್ರಿಯ ಊಟ ಮುಗಿಸಿ ಡಾಕ್ಟರು ಮರುದಿನದ ತಾಲೀಮಿಗೆ ಲ್ಯಾಪ್‌ಟಾಪ್ ತೆಗೆದರು. ಊಟ ಮುಗಿದರೂ ಹೊರಗೆ ಬಿಸಿಲು. ಈ ದೇಶದ ಜೂನ್ ತಿಂಗಳಲ್ಲಿ ಸೂರ್ಯ ಮನೆಗೆ ಹೋಗುವ ಮಾತೇ ಎತ್ತುವುದಿಲ್ಲ. ಗೌಡರ ವಾಡೆ, ಗೌಡರ ಕುದುರೆ ಎಲ್ಲ ಮುಗಿದು ಆ ಫೋಟೋ ಬಂತು. ಶಾಂತಾ ನಮ್ಮ ಪ್ರತಿಯನ್ನು ಕೀಬೋರ್ಡಿನ ಮೇಲೆ ಇಟ್ಟಳು.

ಡಾಕ್ಟರು ಕನ್ನಡಕ ಏರಿಸಿ ಓದಿದರು. ಇಳಿಸಿ ಓದಿದರು. "ಇದು ನಮ್ಮಜ್ಜನ ಅಕ್ಷರ" ಎಂದರು.

"ಹೌದ್ರಿ ಡಾಕ್ಟರ್ರ" ಎಂದೆ ನಾನು. "ನಿಮ್ಮಜ್ಜಾರು ನಮ್ಮ ಮೆಂಬರ್ ಇದ್ರು. ಆಮ್ಯಾಲೆ ನೀವೂ ಆದ್ರಿ. ವಂಶಪಾರಂಪರ್ಯ ಬಂದದ, ರಕ್ತದಾಗೇ ಅದ."

ಅವರ ಮುಖ ಕೆಂಪೇರಿತು. ಆದರೆ ಬ್ಯಾರಿಸ್ಟರ ಮೊಮ್ಮಗ ಅಷ್ಟಕ್ಕೆ ಕೇಸು ಬಿಡುವವರಲ್ಲ. "ನೋಡ್ರಿ, ಕಸುಬು ಕುಕ್ ಅಂತನ ಬರದದ!" ಎಂದರು.

"ನಾ ಅಲ್ಲ ಅಂದೀನೇನು? ಮೊದಲ್ನೇ ಸಾಲು ಓದ್ರಿ" ಎಂದಳು ಶಾಂತಾ.

"ಅದಕ್ಕ ಅರ್ಥ ಇಲ್ಲ ಶಾಂತಾ. ಇವರ ಫಾರಂನ್ಯಾಗ ಮನಿ ಹೆಡ್ ಯಾರು ಅಂತ ಕೇಳ್ತಾರ. ನಮ್ಮ ಕಡಿ ಹುಡುಗ ಏನ್ ಮಾಡ್ತಾನ? ವಯಸ್ಸಿನಾಗ ಯಾರು ದೊಡ್ಡವರು ಅಂತ ನೋಡ್ತಾನ. ನಿಮ್ಮಜ್ಜ ದೊಡ್ಡವರು. ದೊಡ್ಡವರನ್ನ ಕೆಳಗ ಬರದು ತನ್ನ ಹೆಸರು ಮ್ಯಾಲೆ ಹೆಂಗ ಹಾಕ್ತಾನ? ಕೈನ ಬರೂದಿಲ್ಲ. ಅಷ್ಟ ಇದು. ನಾನೂ ಹಂಗ ಮಾಡೀನಿ."

"ನೀವು ಎಲ್ಲೆ ಮಾಡೀರಿ?"

"ಎರಡು ಸಾವಿರದ ಇಪ್ಪತ್ತೊಂದರ ಸೆನ್ಸಸ್‌ನ್ಯಾಗ, ಕೊರೊನಾ ಕಾಲದಾಗ. ನಿಂದು ಅವತ್ತು ಡ್ಯೂಟಿ ಇತ್ತು. ಅತ್ತಿಯವರು ಇಲ್ಲೇ ಇದ್ರಲ್ಲ, ಅವರನ್ನ ಮೊದಲ ಬರದೆ. ನಾ ಅವರ ಅಳಿಯ, ನೀ ಮಗಳು ಅಂತ ಕೆಳಗ ಬರಕೊಂಡು ಬಂದೆ. ಮನಿ ನಂದು, ಸಾಲ ನಂದು, ಆದ್ರೂ ಬರೀಲಿಲ್ಲೇನು? ಅಂದ ಮ್ಯಾಲೆ ಇದರಿಂದ ಏನೂ ಸಿದ್ಧ ಆಗೂದಿಲ್ಲ!"

ವಾದ ಗೆದ್ದವರಂತೆ ಅವರು ನನ್ನ ಕಡೆ ನೋಡಿದರು. ಶಾಂತಾ ಮಾತ್ರ ಅವರನ್ನೇ ನೋಡುತ್ತಿದ್ದಳು. ಈ ಸಂಗತಿ ಅವಳಿಗೆ ಗೊತ್ತೇ ಇರಲಿಲ್ಲ.

"ಅವ್ವನ ಕಸುಬು ಏನಂತ ಬರದ್ರಿ?" ಎಂದು ಮೆಲ್ಲಗೆ ಕೇಳಿದಳು.

"ಖಾನಾವಳಿ ಮಾಲಕರು ಅಂತ."

"ಕುಕ್ ಅಂತ ಯಾಕ ಬರೀಲಿಲ್ಲ?"

"ಏನ್ ಮಾತಾಡ್ತೀ? ತಮ್ಮ ಮನಿ ಹಿರೇರನ್ನ ಯಾರರ ಕುಕ್ ಅಂತ..."

ಅಲ್ಲಿಗೆ ನಿಂತರು. ಪರದೆಯ ಮೇಲೆ ಅಜ್ಜಂದಿರಿಬ್ಬರೂ ಅವರನ್ನೇ ನೋಡುತ್ತಿದ್ದರು, ಕೆಳಗೆ ಅವರದೇ ಬರಹ. ನನ್ನ ನಾಲಗೆಯ ತುದಿಗೆ ಬಂದ ಕುಚೋದ್ಯಗಳು ಒಂದೆರಡಲ್ಲ. ಎಲ್ಲವನ್ನೂ ನುಂಗಿದೆ, ಖಡಕ್ ರೊಟ್ಟಿ ನುಂಗಿದಷ್ಟೇ ಕಷ್ಟವಾಯಿತು.

"ನನಗ್ಯಾಕ ಹೇಳಲಿಲ್ಲ?" ಎಂದಳು ಶಾಂತಾ.

"ಅತ್ತಿಯವರ ಬ್ಯಾಡ ಅಂದ್ರು. 'ಶಾಂತವ್ವಗ ಹೇಳಬ್ಯಾಡ್ರಿ ಅಳಿಯಂದ್ರ. ಈ ಮನಿ ಯಜಮಾನಕಿ ಆಕಿದು, ಮನಸ್ಸಿಗೆ ಹಚಗೊಂಡಾಳು' ಅಂತ ನಕ್ರು. ಆ ಫಾರಂ ನಾಕ ಸಲ ನನ್ನ ಕಡಿಂದ ಓದಿಸಿಕೊಂಡ್ರು."

ಶಾಂತಾ ಅತ್ತಳು. ತಡೆಯಲಿಲ್ಲ, ಮುಖ ಮುಚ್ಚಿಕೊಳ್ಳಲೂ ಇಲ್ಲ. ಡಾಕ್ಟರು ತಬ್ಬಿಬ್ಬಾಗಿ ಟಿಶ್ಯೂ ಹುಡುಕಿದರು, ಸಿಗದೆ ತಮ್ಮ ಕರವಸ್ತ್ರವನ್ನೇ ಕೊಟ್ಟರು. ಆಮೇಲೆ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು ಫೋಟೋದ ಕೆಳಗಿದ್ದ ಸಾಲನ್ನು ಪೂರ್ತಿ ಅಳಿಸಿದರು. ಖಾಲಿ ಜಾಗವನ್ನು ನೋಡುತ್ತ ಕೂತರು.

"ಏನು ಬರೀಲಿ, ನೀನ ಹೇಳು."

ಶಾಂತಾ ಕಣ್ಣೊರೆಸಿಕೊಂಡು ಅವರ ಪಕ್ಕದ ಕುರ್ಚಿಯಲ್ಲಿ ಕೂತಳು.

"ಬ್ಯಾರೇ ಏನೂ ಬ್ಯಾಡ. ಇಬ್ಬರ ಹೆಸರೂ ಬರೀರಿ" ಎಂದಳು. "ದೊಡ್ಡವರದ್ದು ಮೊದಲ."